ಹಾಡು ಅಳಿಸಿ ಅರಬಿ ಕಲಿತ ಚಳಿಗಾಲ

ಕಳೆದ ಬೇಸಗೆ ರಜೆಯಲ್ಲಿ ಗಂಡ, ಮಗಳು ಮತ್ತು ನಾನು ಸೌದಿಯ ಅಲ್ ಅಹ್ಸಾದಿಂದ ಕಾರಿನಲ್ಲಿ ಹೊರಟು, ಬೆಟ್ಟದ ಮೇಲಿನ ಖಮೀಸ್ ಮುಶೈತ್‌ಗೆ ಹೋಗಿದ್ದೆವು. ಕೆಳಗಿನ ಬಯಲಿನಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು. ಗುಡ್ಡ ಹತ್ತುತ್ತ ಹತ್ತುತ್ತ ಎ.ಸಿ. ನಿಲ್ಲಿಸಿ ಕಿಟಕಿ ಇಳಿಸಿದೆವು. ಪೇಟೆಯ ಹಳೆಯ ಸಂತೆಯ ಪಕ್ಕದಲ್ಲಿ ಹೆಂಗಸರು ಸಾಲಾಗಿ ಕೂತು ಕಾಮಕಸ್ತೂರಿಯ ಕಟ್ಟುಗಳನ್ನು ಮಾರುತ್ತಿದ್ದರು. ಅಲ್ಲಿಯವರು ಅದಕ್ಕೆ ರೈಹಾನ್ ಅನ್ನುತ್ತಾರೆ. ನೀರು ಚಿಮುಕಿಸಿದ ಆ ಎಲೆಗಳ ಪರಿಮಳ ಮೂಗಿಗೆ ಬಂದದ್ದೇ ನನ್ನ ಕಾಲು ಅಲ್ಲೇ ನಿಂತಿತು.

ಮಗಳು ಕಿವಿಯಿಂದ ಬಿಳಿಯ ಗುಂಡಿಯಂಥದ್ದನ್ನು ತೆಗೆದು, ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಏನು ಹೇಳಲಿ? ಬೇರೆಯವರಿಗೆ ಅದು ಸಂತೆಯ ವಾಸನೆ. ನನಗೆ ಅದು ಡಯಾಲಿಸಿಸ್ ವಾರ್ಡಿನದು. ಉಮ್ಮ್ ಸಯೀದ್ ಎಂಬ ಮುದುಕಿ ವಾರದಲ್ಲಿ ಮೂರು ಸಲ ಕೂದಲಿಗೆ ರೈಹಾನ್ ಮುಡಿದು ಬರುತ್ತಿದ್ದರು. ಅವರು ಬಾಗಿಲು ದಾಟಿದರೆ ನೆಲ ಒರೆಸಿದ ಬ್ಲೀಚಿನ ವಾಸನೆ ಹಿಂದಕ್ಕೆ ಸರಿಯುತ್ತಿತ್ತು. ಅವರನ್ನು ನೆನೆದರೆ ನನ್ನ ಹೆಬ್ಬೆರಳಿನಷ್ಟಿದ್ದ ಹಾಡಿನ ಪೆಟ್ಟಿಗೆಯೂ, ನಾನು ಈ ದೇಶದಲ್ಲಿ ನಿಲ್ಲುತ್ತೇನೋ ಇಲ್ಲವೋ ಎಂದು ತೀರ್ಮಾನವಾದ ಆ ಮೊದಲ ಚಳಿಗಾಲವೂ ಜೊತೆಗೇ ಬರುತ್ತವೆ.

ಆಗ ಫೋನಿನಲ್ಲಿ ಹಾಡು ಕೇಳುವ ಕಾಲ ಬಂದಿರಲಿಲ್ಲ. ನಾನು ಶಿರ್ವದ ಹುಡುಗಿ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಅಲ್ಲೇ ಕೆಲವು ವರ್ಷ ಡಯಾಲಿಸಿಸ್‌ನಲ್ಲಿ ಕೆಲಸ ಮಾಡಿದ್ದೆ. ಊರಲ್ಲಿ ಮದುವೆಯ ಮಾತು ಬಹಳ ದೂರ ಹೋಗಿತ್ತು. ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದು ಹುಡುಗನ ಕಡೆಯವರು ಹೇಳಿದರು. ಬಿಡುವುದಿಲ್ಲ ಎಂದೆ. ಮನೆಯಲ್ಲಿ ದೊಡ್ಡ ರಂಪವಾಯಿತು. “ಹೋಗು, ಆದರೆ ಆರು ತಿಂಗಳಲ್ಲಿ ತಿರುಗಿ ಬಂದರೆ ಮತ್ತೆ ನಾವು ಹೇಳಿದ ಹಾಗೆ ಕೇಳಬೇಕು” ಎಂದು ಅಪ್ಪ ಹೇಳಿದರು. ಆಯಿತು ಎಂದು ವಿಮಾನ ಹತ್ತಿದವಳು ನಾನು. ತಿರುಗಿ ಹೋಗುವ ಮನಸ್ಸು ಒಂದಿಷ್ಟೂ ಇರಲಿಲ್ಲ.

ಸೌದಿ ಎಂದರೆ ಮರಳು ಎಂದುಕೊಂಡು ಬಂದವಳಿಗೆ ಖಮೀಸ್ ಮೊದಲ ದಿನವೇ ಬುದ್ಧಿ ಕಲಿಸಿತು. ಸ್ವೆಟರ್ ಇರಲಿಲ್ಲ. ಬೆಳಿಗ್ಗೆ ಆಸ್ಪತ್ರೆಯ ಬಸ್ಸಿಗೆ ಕಾಯುವಾಗ ಎದುರಿನ ಕಟ್ಟಡ ಕಾಣದಷ್ಟು ಮಂಜು. ಹಾಸ್ಟೆಲ್ ಕೋಣೆಯಲ್ಲಿ ನನ್ನ ಜೊತೆ ಕಾರ್ಕಳದ ಶಶಿಕಲಾ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಹೆರಿಗೆ ವಾರ್ಡಿನಲ್ಲಿ ಸೀನಿಯರ್. ಅವರ ಮನೆಮಾತು ತುಳು, ನನ್ನದು ಕೊಂಕಣಿ. ನಾವಿಬ್ಬರೂ ಮಾತಾಡುತ್ತಿದ್ದದ್ದು ಕನ್ನಡದಲ್ಲಿ. ಬಂದ ದಿನವೇ ತಮ್ಮ ಹಳೆಯ ಕೋಟು ಕೊಟ್ಟು, “ಹಾಕು ಮಾರಾಯ್ತಿ, ಇದು ಗಲ್ಫಿನ ಮಡಿಕೇರಿ” ಎಂದರು.

ವಾರಕ್ಕೊಮ್ಮೆ ಹಾಸ್ಟೆಲಿನ ಬಸ್ಸು ನಮ್ಮನ್ನು ಪೇಟೆಗೆ ಕರೆದುಕೊಂಡು ಹೋಗುತ್ತಿತ್ತು. ಅಲ್ಲಿ ಭಟ್ಕಳದ ಇಸ್ಮಾಯಿಲ್ ಸಾಹೇಬರ ಎಲೆಕ್ಟ್ರಾನಿಕ್ಸ್ ಅಂಗಡಿ ಇತ್ತು. ಅವರ ಮನೆಮಾತಾದ ನವಾಯತಿಗೂ ನನ್ನ ಕೊಂಕಣಿಗೂ ಅರ್ಧಕ್ಕರ್ಧ ಹೊಂದಿಕೆ, ಉಳಿದರ್ಧಕ್ಕೆ ಕನ್ನಡ. ಮೊದಲ ಸಂಬಳ ಬಂದ ವಾರ ನಾನು ಅಲ್ಲಿಗೆ ಹೋಗಿ ವಾಕ್‌ಮನ್ ಕೇಳಿದೆ. ಅವರು ಗಾಜಿನ ಕಪಾಟಿನಿಂದ ಲೈಟರಿನ ಹಾಗೆ ಕಾಣುವ ಒಂದು ವಸ್ತು ತೆಗೆದು ನನ್ನ ಅಂಗೈಯಲ್ಲಿಟ್ಟರು.

“ವಾಕ್‌ಮನ್ ಎಂತಕ್ಕೆ ಸಿಸ್ಟರ್? ಇದು ಎಂಪಿತ್ರೀ. ಕ್ಯಾಸೆಟ್ ಇಲ್ಲ, ಟೇಪು ಸಿಕ್ಕಿಹಾಕಿಕೊಳ್ಳುದಿಲ್ಲ. ಬಸ್ಸು ಹಾರಿದ್ರೂ ಹಾಡು ಹಾರುದಿಲ್ಲ. ಒಂದು ಸಣ್ಣ ಸೆಲ್ ಸಾಕು.”

“ಎಷ್ಟು ಹಾಡು ಹಿಡಿಯುತ್ತದೆ?”

“ಇಪ್ಪತ್ತೈದರ ಹತ್ರ. ನೋಡಿ, ಸುಳ್ಳು ಹೇಳುದಿಲ್ಲ ನಾನು. ಹಾಡು ಬದಲಿಸ್ಲಿಕ್ಕೆ ಕಂಪ್ಯೂಟರ್ ಬೇಕು. ನಿಮ್ಮ ಹತ್ರ ಇಲ್ಲದಿದ್ರೆ ಇಲ್ಲಿಗೆ ಬನ್ನಿ, ನಾನು ತುಂಬಿಸಿ ಕೊಡ್ತೇನೆ. ಮತ್ತೆ, ಇದಕ್ಕೆ ಸ್ಪೀಕರ್ ಇಲ್ಲ. ನಿಮ್ಮ ಕಿವಿಗೆ ಮಾತ್ರ.”

ನಿಮ್ಮ ಕಿವಿಗೆ ಮಾತ್ರ ಎಂದದ್ದು ನನಗೆ ಬಹಳ ಹಿಡಿಸಿತು. ಹಂಚಿಕೊಂಡ ಕೋಣೆ, ಹಂಚಿಕೊಂಡ ಅಡುಗೆಮನೆ, ಹಂಚಿಕೊಂಡ ಬಸ್ಸು. ನನ್ನದು ಮಾತ್ರ ಎನ್ನುವಂಥದ್ದು ಒಂದಾದರೂ ಬೇಕಿತ್ತು. ಊರಿನಿಂದ ತಂದಿದ್ದ ಎರಡು ಸಿ.ಡಿ.ಯಿಂದ ಕೊಂಕಣಿ ಹಾಡು, ಹಳೆಯ ಕನ್ನಡ ಸಿನಿಮಾ ಹಾಡು ಎಲ್ಲ ಸೇರಿಸಿ ಸಾಹೇಬರು ತುಂಬಿಸಿಕೊಟ್ಟರು. ಆ ವಾರವೆಲ್ಲ ಮಂಜಿನಲ್ಲಿ ಬಸ್ಸು ಹೋಗುತ್ತಿದ್ದರೆ ನನ್ನ ಕಿವಿಯಲ್ಲಿ ಶಿರ್ವ ಇರುತ್ತಿತ್ತು.

ತೊಂದರೆಗಳೂ ಬೇಗ ಗೊತ್ತಾದವು. ಅದೇ ಇಪ್ಪತ್ತೈದು ಹಾಡು ತಿರುಗಿ ತಿರುಗಿ ಬರುತ್ತಿತ್ತು. ಚಳಿ ಜಾಸ್ತಿಯಾದ ದಿನ ಸೆಲ್ಲು ಅರ್ಧದಲ್ಲೇ ಕೈಕೊಡುತ್ತಿತ್ತು. ಶಶಿಯಕ್ಕ ಎರಡು ಮೂರು ಸಲ ಕರೆದು, ನಂತರ ಹತ್ತಿರ ಬಂದು ಭುಜ ಅಲುಗಿಸಿ, “ನಿನ್ನ ಹತ್ರ ಮಾತಾಡುದೂ ಈ ಗೋಡೆ ಹತ್ರ ಮಾತಾಡುದೂ ಒಂದೇ ಈಗ” ಎನ್ನುತ್ತಿದ್ದರು.

ಡಯಾಲಿಸಿಸ್ ವಾರ್ಡಿನ ಮುಖ್ಯಸ್ಥೆ ಸಿಸ್ಟರ್ ಸಮೀರಾ ಈಜಿಪ್ಟಿನವರು. ಕಡ್ಡಿ ಮುರಿದ ಹಾಗೆ ಇಂಗ್ಲಿಷ್ ಮಾತಾಡುತ್ತಿದ್ದರು. ನನ್ನ ಕೆಲಸದ ಬಗ್ಗೆ ಅವರಿಗೆ ದೂರಿರಲಿಲ್ಲ. ಯಂತ್ರ ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು ಅರಬಿ. ನಮ್ಮ ರೋಗಿಗಳಲ್ಲಿ ಹೆಚ್ಚಿನವರು ಬೆಟ್ಟದ ಇಳಿಜಾರಿನ ಹಳ್ಳಿಗಳ ಮುದುಕ ಮುದುಕಿಯರು. ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಹಾಕಿದ ಹಾಗೆ ಮಲಗಬೇಕು. ಏನಾದರೂ ಆದರೆ ಬಾಯಿಬಿಟ್ಟು ಹೇಳಬೇಕು. ಅದು ನರ್ಸಿಗೆ ಅರ್ಥವಾಗಬೇಕು. ನನಗೆ ಬರುತ್ತಿದ್ದದ್ದು ಯಲ್ಲಾ, ಖಲಾಸ್, ಶ್ವೈ ಶ್ವೈ. ಬಾ, ಮುಗಿಯಿತು, ಸ್ವಲ್ಪ ಸ್ವಲ್ಪ. ಅದರಲ್ಲೇ ದಿನ ದೂಡುತ್ತಿದ್ದೆ.

ಉಮ್ಮ್ ಸಯೀದ್ ಅಂದರೆ ಸಯೀದನ ತಾಯಿ. ಅಲ್ಲಿ ಹೆಂಗಸರನ್ನು ಹಿರಿಮಗನ ಹೆಸರು ಹಿಡಿದೇ ಕರೆಯುವುದು. ಒಂದು ಸೋಮವಾರ ಅವರ ಪಕ್ಕ ನಾನಿದ್ದೆ. ಯಂತ್ರ ಓಡಿ ಎರಡು ಗಂಟೆ ಕಳೆದಿರಬೇಕು. ಅವರು ಒಮ್ಮೆಗೇ ಕೈ ಬೀಸಿ “ದೋಖಾ!” ಎಂದರು. ಮತ್ತೆ ಜೋರಾಗಿ, “ದೋಖಾ, ದೋಖಾ!”

ನನಗೆ ಗೊತ್ತಿದ್ದ ಹಿಂದಿಯಲ್ಲಿ ಧೋಖಾ ಅಂದರೆ ಮೋಸ. ನಾನು ಏನೋ ಮೋಸ ಮಾಡಿದೆ ಎಂದು ಈ ಮುದುಕಿ ವಾರ್ಡಿಗೆಲ್ಲ ಸಾರುತ್ತಿದ್ದಾರೆ ಎಂದುಕೊಂಡು ಗಾಬರಿಯಾದೆ. “ನೋ ಧೋಖಾ, ನೋ ಧೋಖಾ” ಎಂದು ಕೈಮುಗಿದೆ. ಅಷ್ಟರಲ್ಲಿ ಅವರ ಕಣ್ಣು ಮೇಲಕ್ಕೆ ಹೋಯಿತು, ಹಣೆಯಲ್ಲಿ ಬೆವರು ಒಡೆಯಿತು. ಸಮೀರಾ ಓಡಿಬಂದು ಹಾಸಿಗೆಯ ತಲೆಯ ಕಡೆ ತಗ್ಗಿಸಿದರು, ನಾನು ಸಲೈನ್ ಬಿಟ್ಟೆ. ಬಿ.ಪಿ. ಪಾತಾಳಕ್ಕೆ ಇಳಿದಿತ್ತು. ಅರಬಿಯಲ್ಲಿ ದೋಖಾ ಅಂದರೆ ತಲೆಸುತ್ತು.

ಸ್ವಲ್ಪ ಹೊತ್ತಿನಲ್ಲಿ ಉಮ್ಮ್ ಸಯೀದ್ ಕಣ್ಣು ಬಿಟ್ಟು ನನ್ನ ಕಡೆ ಬೆರಳು ತೋರಿಸಿ ಏನೋ ಹೇಳಿದರು. ಅಕ್ಕಪಕ್ಕದ ಹಾಸಿಗೆಯವರೆಲ್ಲ ನಕ್ಕರು. ಏನೆಂದರು ಎಂದು ಸಮೀರಾರನ್ನು ಕೇಳಿದೆ.

“ಈ ಹುಡುಗಿಗೆ ಎರಡು ಕಿವಿ ಉಂಟು, ಒಂದೂ ಕೇಳಿಸುವುದಿಲ್ಲ. ಇನ್ನು ಇವಳು ನನ್ನ ಕೈ ಮುಟ್ಟಕೂಡದು. ಇಷ್ಟು ಹೇಳಿದರು” ಎಂದರು ಸಮೀರಾ.

ಮುಟ್ಟಕೂಡದು ಎಂದರೆ ಸಣ್ಣ ಮಾತಲ್ಲ. ಡಯಾಲಿಸಿಸ್ ರೋಗಿಯ ಒಂದು ತೋಳಿನಲ್ಲಿ ರಕ್ತನಾಳ ಜೋಡಿಸಿ ದಪ್ಪ ಮಾಡಿರುತ್ತಾರೆ. ಅಲ್ಲಿಗೇ ಪ್ರತಿ ಸಲ ಎರಡು ದಪ್ಪ ಸೂಜಿ ಹಾಕಬೇಕು. ಆ ತೋಳು ಕೆಟ್ಟರೆ ಜೀವಕ್ಕೇ ಕುತ್ತು. ರೋಗಿ ನಂಬಿದವರಿಗೆ ಮಾತ್ರ ಅದನ್ನು ಚಾಚುತ್ತಾರೆ.

ಡ್ಯೂಟಿ ಮುಗಿದ ಮೇಲೆ ಸಮೀರಾ ಕೋಣೆಗೆ ಕರೆದರು. “ನಿನ್ನ ಪ್ರೊಬೇಷನ್ ವಸಂತದವರೆಗೆ. ಅಷ್ಟರೊಳಗೆ ಈ ವಾರ್ಡಿನ ಪ್ರತಿಯೊಬ್ಬ ರೋಗಿಗೂ ನೀನೊಬ್ಬಳೇ ಸೂಜಿ ಹಾಕಬೇಕು, ಮಾತಾಡಬೇಕು. ಉಮ್ಮ್ ಸಯೀದ್ ಸೇರಿ. ಆಗದಿದ್ದರೆ ಆಗುವುದಿಲ್ಲ ಎಂದು ಬರೆಯುತ್ತೇನೆ. ಯಂತ್ರಕ್ಕೆ ಇಂಗ್ಲಿಷ್ ಗೊತ್ತುಂಟು, ಮನುಷ್ಯರಿಗೆ ಗೊತ್ತಿಲ್ಲ.”

ಹಾಗೆ ಬರೆದರೆ ಟಿಕೆಟ್ಟು ಮಂಗಳೂರಿಗೆ. ಬಸ್ಸಿನಲ್ಲಿ ಕೂತು ನಾನು ಹಾಡು ಹಾಕಲಿಲ್ಲ. ಆ ಮುದುಕಿಯ ತೋಳಿಗೆ ನಾನೇ ಸೂಜಿ ಹಾಕುತ್ತೇನೆ, ಹಾಕಿಯೇ ಹಾಕುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಅರಬಿ ಕಲಿಸುವ ಪುಸ್ತಕ ತಂದೆ. ಅದು ಹೋಟೆಲಿನಲ್ಲಿ ಕೋಣೆ ಕೇಳುವುದನ್ನೂ ಒಂಟೆಯ ಬೆಲೆ ಕೇಳುವುದನ್ನೂ ಕಲಿಸಿತು. ಅಲ್ಲಿ ಕಲಿತದ್ದನ್ನು ವಾರ್ಡಿನಲ್ಲಿ ಹೇಳಿದರೆ ಮುದುಕರು ಪಿಳಿಪಿಳಿ ನೋಡುತ್ತಿದ್ದರು. ಅವರದು ಬೇರೆಯೇ ಅರಬಿ. ಪುಸ್ತಕದವರು ‘ಅಲ್’ ಎನ್ನುವ ಕಡೆ ಅವರು ‘ಅಮ್’ ಎನ್ನುತ್ತಾರೆ. ಬೈತ್ ಎಂದರೆ ಮನೆ. ಪುಸ್ತಕದಲ್ಲಿ ಅದು ಅಲ್-ಬೈತ್, ಉಮ್ಮ್ ಸಯೀದರ ಬಾಯಲ್ಲಿ ಅಮ್-ಬೈತ್.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ದಿನ ಅಡುಗೆಮನೆಯಲ್ಲಿ ಪೆಟ್ಟಿಗೆಯ ಯಾವುದೋ ಗುಂಡಿ ಒತ್ತಿಹೋಯಿತು. ಮರುದಿನ ಬಸ್ಸಿನಲ್ಲಿ ಹಾಡು ಮುಗಿದದ್ದೇ ಕುಕ್ಕರಿನ ಸೀಟಿ ಕೇಳಿತು. ಹಿಂದೆಯೇ ಶಶಿಯಕ್ಕನ ದನಿ: “ಅಕ್ಕಿ ಎಷ್ಟು ಸಲ ತೊಳೆಯುದು ಮಾರಾಯ್ತಿ, ಗಂಜಿಯಲ್ಲಿ ಎಂತ ಉಳೀತದೆ ಮತ್ತೆ?” ಪೆಟ್ಟಿಗೆಗೆ ಕಿವಿಯೂ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತವಳಿಗೆ ಹೊಳೆಯಿತು: ಪುಸ್ತಕದ ಅರಬಿ ಬೇಡ, ಉಮ್ಮ್ ಸಯೀದರ ಬಾಯಿಂದಲೇ ತುಂಬಿಸಿಕೊಳ್ಳೋಣ.

ಬುಧವಾರ ಅವರ ಯಂತ್ರ ನೋಡಿಕೊಳ್ಳುತ್ತಿದ್ದವಳು ಬೇರೆ ನರ್ಸ್. ಊಟದ ವಿರಾಮದಲ್ಲಿ ನಾನು ಹೋಗಿ ಅವರ ಬದಿಯಲ್ಲಿ ನಿಂತೆ, ತೋಳಿನಿಂದ ದೂರ. ಪೆಟ್ಟಿಗೆ ತೋರಿಸಿದೆ.

“ಮೂಸೀಕಾ? ಲಾ” ಎಂದು ಅವರು ಮುಖ ತಿರುಗಿಸಿದರು. ಸಂಗೀತ ಅವರಿಗೆ ಬೇಡ.

ನಾನು ಗುಂಡಿ ಒತ್ತಿ, ನನ್ನ ದನಿಯಲ್ಲೇ “ದೋಖಾ” ಎಂದು ತುಂಬಿಸಿ, ಇಯರ್‌ಫೋನಿನ ಒಂದು ತುದಿಯನ್ನು ಅವರ ಕಿವಿಯ ಹತ್ತಿರ ಹಿಡಿದೆ. ಕೇಳಿದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಉಚ್ಚಾರ ಅಷ್ಟು ಕೆಟ್ಟದಾಗಿತ್ತು. ನಗು ನಿಂತ ಮೇಲೆ ಪೆಟ್ಟಿಗೆಯನ್ನು ನನ್ನ ಕೈಯಿಂದ ಕಸಿದು, ಬಾಯಿಯ ಹತ್ತಿರ ತಂದು, ಮಗುವಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ, ಗಂಟಲಿನಿಂದ ‘ಖಾ’ ಎಳೆದು ಹೇಳಿದರು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಹೇಳಿದೆ. ಸರಿಯಿಲ್ಲ ಎಂದು ತಲೆಯಾಡಿಸಿದರು. ಮತ್ತೆ ಹೇಳಿದೆ. ಹಾಗೆ ಶುರುವಾಯಿತು ನಮ್ಮ ಶಾಲೆ.

ಶನಿವಾರ, ಸೋಮವಾರ, ಬುಧವಾರ. ನನ್ನ ವಿರಾಮದ ಹೊತ್ತು ಅವರ ಬದಿಯಲ್ಲಿ. ಎದೆ ಮುಟ್ಟಿ ತೋರಿಸಿದರೆ ಎದೆನೋವಿಗೆ ಏನನ್ನಬೇಕು, ಕಾಲು ಸೆಳೆತಕ್ಕೆ ಏನು, ತುರಿಕೆಗೆ ಏನು, ಸೂಜಿ ಉರಿದರೆ ಏನು ಎಂದು ಹೇಳಿ ತುಂಬಿಸುತ್ತಿದ್ದರು. ಒಂದು ಪದ ಕೇಳಿದರೆ ಒಂದು ಕತೆಯೇ ಬರುತ್ತಿತ್ತು. ನಾನು ಹೂಂಗುಟ್ಟುತ್ತ ಎಲ್ಲ ತುಂಬಿಸಿಕೊಳ್ಳುತ್ತಿದ್ದೆ. ಆಮೇಲೆ ಬಿಡಿಸಿಕೊಂಡರಾಯಿತು ಎಂದು.

ಎರಡನೇ ವಾರಕ್ಕೇ ಪೆಟ್ಟಿಗೆ ತುಂಬಿತು. ಜಾಗವಿಲ್ಲ ಎಂದು ಆ ಪುಟ್ಟ ಪರದೆಯಲ್ಲಿ ಬಂತು. ಹಾಡು ಅಳಿಸದೆ ಬೇರೆ ದಾರಿ ಇರಲಿಲ್ಲ. ಮೊದಲು ಅಷ್ಟೇನೂ ಇಷ್ಟವಿಲ್ಲದ ಒಂದನ್ನು ಅಳಿಸಿದೆ. ಒಂದು ಹಾಡು ಹೋದರೆ ಉಮ್ಮ್ ಸಯೀದರ ಒಂದು ದಿನದ ಮಾತಿಗೆ ಜಾಗ. ಪ್ರತಿ ಸಲ ಅದು ಹೌದೋ ಅಲ್ಲವೋ ಎಂದು ಕೇಳುತ್ತಿತ್ತು. ನಾನು ಹೌದು ಒತ್ತುತ್ತಿದ್ದೆ. ನಮ್ಮ ಕಡೆ ಮದುವೆಯ ಮುನ್ನಾ ದಿನ ಹೇಳುವ ಹಾಡೊಂದಿತ್ತು. ಅದನ್ನು ಬಹಳ ದಿನ ಉಳಿಸಿಕೊಂಡಿದ್ದೆ. ಅದೂ ಹೋಯಿತು. ಕೈ ತಡೆಯಲಿಲ್ಲ. ಇಲ್ಲಿಂದ ಸೋತು ಹೋದರೆ ಅದೇ ಹಾಡನ್ನು ನನ್ನ ಎದುರೇ ಹಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಬಸ್ಸಿನಲ್ಲಿ, ಯೂನಿಫಾರ್ಮ್ ಒಗೆಯುವಾಗ, ಈರುಳ್ಳಿ ಹೆಚ್ಚುವಾಗ ಕಿವಿಯಲ್ಲಿ ಅದೇ. ನಡುವೆ ಉಳಿದ ಒಂದೆರಡು ಹಾಡು ಬರುತ್ತಿತ್ತು. ನಾಯಕ ನಾಯಕಿಯನ್ನು ಹೂವು ಎಂದು ಕರೆಯುತ್ತಿರುವಾಗಲೇ ಹಾಡು ಮುಗಿದು, “ಸೂಜಿ ಮೆಲ್ಲಗೆ ಹಾಕೇ ಹುಡುಗಿ!” ಎಂದು ಉಮ್ಮ್ ಸಯೀದರ ಒರಟು ದನಿ ಬೆಟ್ಟದ ಅರಬಿಯಲ್ಲಿ ಗದರುತ್ತಿತ್ತು. ನಾನು ಅವರ ಹಿಂದೆಯೇ ಜೋರಾಗಿ ಹೇಳುತ್ತಿದ್ದೆ.

“ನಿನ್ನ ಆ ಮುದುಕಿಗೆ ಹೇಳು, ಬಾಡಿಗೆಯಲ್ಲಿ ಅವರೂ ಒಂದು ಪಾಲು ಕೊಡ್ಲಿ. ನಮ್ಮ ರೂಮಲ್ಲೇ ಉಂಟಲ್ಲ ಅವರು” ಎಂದು ಶಶಿಯಕ್ಕ ಗೊಣಗಿದರು. ಆದರೆ ತರಕಾರಿ ಹೆಚ್ಚುತ್ತ, “ಎಲ್ಲಿ, ಹೇಳು ನೋಡುವ. ನನಗೆ ಉಸಿರು ಕಟ್ತದೆ. ಈಗ ಎಂತ ಕೇಳ್ತಿ ನೀನು?” ಎಂದು ರೋಗಿಯ ಪಾತ್ರವನ್ನೂ ಅವರೇ ವಹಿಸುತ್ತಿದ್ದರು.

ಕಿವಿ ಮುಚ್ಚಿಕೊಂಡು ನಡೆಯುವುದರ ಅಪಾಯವೂ ಆ ದಿನಗಳಲ್ಲೇ ತಿಳಿಯಿತು. ಮಂಜಿನಲ್ಲಿ ಹಾಸ್ಟೆಲಿನ ಎದುರು ರಸ್ತೆ ದಾಟುವಾಗ ನೀರಿನ ಟ್ಯಾಂಕರೊಂದು ಬಂದದ್ದು ನನಗೆ ಕೇಳಲಿಲ್ಲ. ಬ್ರೇಕ್ ಹಾಕಿ ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಬೈದ. ಅವನು ಬೈದದ್ದರಲ್ಲಿ ಮುಕ್ಕಾಲು ಅರ್ಥವಾಯಿತು ಎಂಬುದು ಆಮೇಲೆ ಮನಸ್ಸಿಗೆ ಬಂತು. ಆ ದಿನದಿಂದ ಒಂದು ಕಿವಿ ಮಾತ್ರ.

ಚಳಿ ಇಳಿಯುತ್ತ ಬಂತು. ಉಳಿದ ರೋಗಿಗಳೆಲ್ಲ ಒಬ್ಬೊಬ್ಬರಾಗಿ ನನಗೆ ತೋಳು ಚಾಚಿದರು. ಉಮ್ಮ್ ಸಯೀದ್ ಮಾತ್ರ ಇಲ್ಲ. ಪಾಠ ಹೇಳುತ್ತಿದ್ದರು, ನಗುತ್ತಿದ್ದರು, ಚೀಲದಿಂದ ಖರ್ಜೂರ ತೆಗೆದು ಕೊಡುತ್ತಿದ್ದರು. ಸೂಜಿ ಎಂದರೆ, “ಇನ್ನೂ ಇಲ್ಲ” ಎನ್ನುತ್ತಿದ್ದರು.

ಒಂದು ಬುಧವಾರ ಅವರ ಮಗ ಸಯೀದ್ ಹೇಳಿದ್ದಕ್ಕಿಂತ ಬೇಗ ಕರೆದೊಯ್ಯಲು ಬಂದ. ನಲವತ್ತರ ಆಸುಪಾಸು, ಗಂಭೀರ ಮನುಷ್ಯ. ಬೆಟ್ಟದ ಕೆಳಗಿನ ಹಳ್ಳಿಯಿಂದ ತಾಯಿಯನ್ನು ಪಿಕಪ್‌ನಲ್ಲಿ ಕರೆತಂದು, ಕೆಲಸಕ್ಕೆ ಹೋಗಿ, ಮತ್ತೆ ಬಂದು ಕರೆದೊಯ್ಯುತ್ತಿದ್ದ. ಅವನು ಬಂದ ಹೊತ್ತಿಗೆ ಉಮ್ಮ್ ಸಯೀದ್ ಇಯರ್‌ಫೋನ್ ಸಿಕ್ಕಿಸಿಕೊಂಡು ತಮ್ಮದೇ ದನಿ ಕೇಳಿ ಗಟ್ಟಿಯಾಗಿ ನಗುತ್ತಿದ್ದರು. ಇದೇನು ಎಂದು ಕೇಳಿದ. ಅವರು ಸಂಭ್ರಮದಿಂದ ಹೇಳಿದರು. ಅವನ ಮುಖ ಕಪ್ಪಿಟ್ಟಿತು. ಪೆಟ್ಟಿಗೆಯನ್ನು ತಾಯಿಯ ಕೈಯಿಂದ ತೆಗೆದುಕೊಂಡು ಸೀದಾ ಆಸ್ಪತ್ರೆಯ ಮ್ಯಾನೇಜರರ ಕೋಣೆಗೆ ಹೋದ.

ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು. ಮೇಜಿನ ಮೇಲೆ ಪೆಟ್ಟಿಗೆ, ಅದರ ಕಪ್ಪು ದಾರ ಸುತ್ತಿಕೊಂಡು ಬಿದ್ದಿತ್ತು. ಸಮೀರಾ ಬಾಗಿಲ ಹತ್ತಿರ ನಿಂತಿದ್ದರು. ಸಯೀದ್ ಬಿಡುಬೀಸಾಗಿ ಮಾತಾಡುತ್ತಿದ್ದ. ನಮ್ಮ ಮನೆಯ ಹೆಂಗಸಿನ ದನಿ ಪರದೇಶಿಯ ಯಂತ್ರದಲ್ಲಿ ಯಾಕೆ? ಯಾರು ಕೇಳುತ್ತಾರೆ ಇದನ್ನು? ನಾಳೆ ಎಲ್ಲಿಗೆ ಹೋಗುತ್ತದೆ? ಮ್ಯಾನೇಜರರು ಸಮೀರಾರ ಕಡೆ ತಿರುಗಿ, ಇವಳಿಗೆ ಇಂಗ್ಲಿಷಿನಲ್ಲಿ ಹೇಳಿ ಎಂದರು.

“ಬೇಡ ಸಿಸ್ಟರ್, ಅವರು ಹೇಳಿದ್ದು ನನಗೆ ಗೊತ್ತಾಯಿತು” ಎಂದೆ. ಸಯೀದನ ಕಡೆ ತಿರುಗಿ, ಬಂದಷ್ಟು ಅರಬಿಯಲ್ಲಿ ಶುರುಮಾಡಿದೆ. “ಅಣ್ಣಾ, ನಿಮ್ಮ ಸಿಟ್ಟು ನ್ಯಾಯವೇ. ನಿಮ್ಮ ತಾಯಿಯನ್ನು ಕೇಳಿ ತುಂಬಿಸಿದೆ, ನಿಮ್ಮನ್ನು ಕೇಳಲಿಲ್ಲ. ಅವರು ತಲೆಸುತ್ತು ಎಂದು ಕೂಗಿದಾಗ ನನಗೆ ತಿಳಿಯಲಿಲ್ಲ. ಅವರಿಗೆ ಏನಾದರೂ ಆಗಿಹೋಗುತ್ತಿತ್ತು. ಇನ್ನೊಮ್ಮೆ ಹಾಗಾಗಬಾರದು ಎಂದು ಅವರ ಮಾತು ಕಲಿತೆ. ಇದರಲ್ಲಿರುವುದು ಕಾಯಿಲೆಯ ಮಾತು ಮಾತ್ರ. ನೀವೇ ಕೇಳಿ. ಕೇಳಿದ ಮೇಲೆ ಅಳಿಸು ಎಂದರೆ ನಿಮ್ಮ ಎದುರೇ ಅಳಿಸುತ್ತೇನೆ.”

ಇಷ್ಟನ್ನೂ ನಾನು ಹೇಳಿದ್ದು ಅವನ ತಾಯಿಯ ಅರಬಿಯಲ್ಲಿ. ಅವರು ಎಳೆದಲ್ಲಿ ಎಳೆದು, ‘ಅಮ್’ ಎನ್ನುವಲ್ಲಿ ‘ಅಮ್’ ಎಂದು. ನನಗೆ ಬರುತ್ತಿದ್ದದ್ದು ಅದೊಂದೇ. ಮ್ಯಾನೇಜರರು ತುಟಿ ಕಚ್ಚಿಕೊಂಡು ನಗು ತಡೆದರು. ಸಯೀದ್ ಕುರ್ಚಿ ಎಳೆದುಕೊಂಡು ಕೂತು ಇಯರ್‌ಫೋನ್ ಕಿವಿಗಿಟ್ಟ.

ಸ್ಪೀಕರ್ ಇಲ್ಲದ ಯಂತ್ರ. ಅವನ ತಾಯಿ ಏನು ಹೇಳುತ್ತಿದ್ದಾರೆ ಎಂದು ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತು. ನಾವು ಮೂವರು ಅವನ ಮುಖ ನೋಡುತ್ತ ಕಾದೆವು. ಮೊದಲು ಬಿಗಿಯಾಗಿದ್ದ ಮುಖ ಒಮ್ಮೆ ಸಡಿಲವಾಯಿತು, ಮೀಸೆಯಡಿಯಲ್ಲಿ ನಕ್ಕನೇನೋ. ಬಹಳ ಹೊತ್ತು ಹೋಯಿತು. ಆಮೇಲೆ ಅವನು ತಟ್ಟನೆ ಕೈ ಎತ್ತಿ, ಇದನ್ನು ಇನ್ನೊಮ್ಮೆ ಹಾಕು ಎಂದ. ಹಾಕಿದೆ. ಇನ್ನೂ ಒಮ್ಮೆ ಎಂದ.

“ಇದು ಯಾವತ್ತಿನದು?”

ನಾನು ಒಂದು ತುದಿ ಕಿವಿಗೆ ಹಿಡಿದು ಕೇಳಿದೆ. “ಮೊನ್ನೆ ಸೋಮವಾರದ್ದು. ತಲೆಸುತ್ತು ಯಾವಾಗ ಬರುತ್ತದೆ ಎಂದು ಕೇಳಿದ್ದೆ. ಉದ್ದ ಹೇಳಿದರು. ನನಗೆ ಕಾರು, ತಿರುವು ಅಂತ ಮಾತ್ರ ತಿಳಿಯಿತು. ಉಳಿದದ್ದನ್ನು ಸಿಸ್ಟರ್ ಹತ್ತಿರ ಕೇಳೋಣ ಎಂದಿದ್ದೆ.”

ಸಯೀದ್ ಸಮೀರಾರ ಕಡೆ ತಿರುಗಿ ತಾನೇ ಹೇಳಿದ. ಅವನ ದನಿ ಇಳಿದಿತ್ತು. ಇಲ್ಲಿ ಸೂಜಿ ತೆಗೆಯುವವರೆಗೆ ನಾನು ಸರಿ ಇರುತ್ತೇನೆ, ಎಂದಿದ್ದರಂತೆ ಉಮ್ಮ್ ಸಯೀದ್. ಸಯೀದನ ಗಾಡಿಯಲ್ಲಿ ಘಾಟಿ ಇಳಿಯುವಾಗ ಕಣ್ಣು ಕತ್ತಲೆ ಬರುತ್ತದೆ. ಬಾಗಿಲ ಹಿಡಿ ಹಿಡಿದುಕೊಂಡು ಸುಮ್ಮನಿರುತ್ತೇನೆ. ಹೇಳಿದರೆ ಅವನು ಹೆದರುತ್ತಾನೆ. ಕೆಲಸ ಬಿಟ್ಟು ಓಡಿಬರುವವನು, ಪಾಪ, ಬೇಗ ಮನೆ ಮುಟ್ಟಿಸಬೇಕು ಅಂತ ಬೇಗ ಓಡಿಸುತ್ತಾನೆ.

ಆ ಘಾಟಿ ನಾನೂ ನೋಡಿದ್ದೆ. ಆಗುಂಬೆಯ ತಿರುವುಗಳನ್ನು ಇನ್ನೂ ಕಡಿದು ಮಾಡಿದ ಹಾಗೆ. ಮೊದಲು ಚೇತರಿಸಿಕೊಂಡವರು ಸಮೀರಾ. ಇನ್ನು ಮೇಲೆ ಡಯಾಲಿಸಿಸ್ ಆದ ಮೇಲೆ ಅರ್ಧ ಗಂಟೆ ಮಲಗಿಸಿಯೇ ಕಳಿಸುತ್ತೇವೆ, ಒಂದೇ ಸಲ ಮೈಯಿಂದ ಅಷ್ಟು ನೀರು ತೆಗೆಯುವುದು ಬೇಡ ಎಂದು ಡಾಕ್ಟರಿಗೆ ಹೇಳುತ್ತೇನೆ, ಎಂದರು. ಸಯೀದ್ ತಲೆಯಾಡಿಸಿದ. ಎದ್ದು ನಿಂತ.

“ನೀನು ಕೆಟ್ಟದ್ದು ಮಾಡಿಲ್ಲ. ಆದರೂ ಅಳಿಸು. ನನ್ನ ತಾಯಿಯ ದನಿ ಅದರಲ್ಲಿ ಬೇಡ.”

ಕೊಟ್ಟ ಮಾತು. ಅವನ ಎದುರೇ ನಿಂತು ಒಂದೊಂದಾಗಿ ಅಳಿಸಿದೆ. ಹೌದೋ ಅಲ್ಲವೋ ಎಂದು ಅದು ಕೇಳಿತು. ಹೌದು, ಹೌದು, ಹೌದು. ಉಳಿದಿದ್ದ ಒಂದೆರಡು ಹಾಡು ಮೊದಲೇ ಹೋಗಿತ್ತು; ಈಗ ಹಾಡೂ ಇಲ್ಲ, ಮಾತೂ ಇಲ್ಲ, ಪರದೆ ಬರಿದಾಯಿತು. ಇದನ್ನು ಇನ್ನು ಆಸ್ಪತ್ರೆಯೊಳಗೆ ತರಬೇಡ ಎಂದು ಮ್ಯಾನೇಜರರು ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು.

ಕೋಣೆಗೆ ಬಂದು ಶಶಿಯಕ್ಕನಿಗೆ ಎಲ್ಲ ಹೇಳಿದೆ. ಅವರು ಬಾಯಿಗೆ ಕೈ ಇಟ್ಟುಕೊಂಡರು. “ಅಯ್ಯೋ ದೇವರೇ. ಎಲ್ಲ ಹೋಯ್ತಾ? ಪ್ರೊಬೇಷನ್ ಮುಗಿಯುದು ಬರುವ ವಾರ ಅಲ್ದಾ? ಇನ್ನೆಂತ ಮಾಡ್ತಿ?”

“ನೀವು ರೋಗಿ ಆಗಿ. ಕೇಳಿ ನನ್ನನ್ನು” ಎಂದೆ.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅವರು ಒಂದೊಂದೇ ಕಾಯಿಲೆ ಕನ್ನಡದಲ್ಲಿ ಹೇಳಿದರು, ನಾನು ಒಂದೊಂದಕ್ಕೂ ಅರಬಿಯಲ್ಲಿ ಉತ್ತರ ಕೊಟ್ಟೆ. ತಡವರಿಸಿದಲ್ಲಿ ಕಣ್ಣು ಮುಚ್ಚಿದರೆ ಉಮ್ಮ್ ಸಯೀದರ ದನಿ ಕೇಳುತ್ತಿತ್ತು. ಸಾರು ತಳಹಿಡಿಯುವವರೆಗೂ ಹೇಳಿದೆ. ಒಂದೆರಡು ಬಿಟ್ಟರೆ ಎಲ್ಲ ಬಾಯಲ್ಲೇ ಇತ್ತು.

ಶನಿವಾರ ಉಮ್ಮ್ ಸಯೀದ್ ಬರಲಿಲ್ಲ. ಶುಕ್ರವಾರದಿಂದಲೇ ಜೋರು ಮಳೆ. ಘಾಟಿಯಲ್ಲಿ ಕಲ್ಲು ಜಾರಿ ರಸ್ತೆ ಮುಚ್ಚಿದೆ ಎಂದು ಯಾರೋ ಹೇಳಿದರು. ನನಗೆ ಅದು ಸಮಾಧಾನ ತರಲಿಲ್ಲ. ಮಗ ಬೇರೆ ಆಸ್ಪತ್ರೆಗೆ ಕರೆದೊಯ್ದನೇ? ಅಥವಾ ಎಲ್ಲಿಗೂ ಕರೆದೊಯ್ಯಲಿಲ್ಲವೇ? ಡಯಾಲಿಸಿಸ್ ತಪ್ಪಿದರೆ ಅಂಥವರಿಗೆ ಮೈಯಲ್ಲಿ ನೀರು ತುಂಬಿ ಉಸಿರಿಗೇ ಬರುತ್ತದೆ. ದಿನವಿಡೀ ಬಾಗಿಲ ಕಡೆ ನೋಡಿದೆ. ಪ್ರೊಬೇಷನ್ನಿನ ಯೋಚನೆ ಹಿಂದೆ ಬಿತ್ತು.

ಭಾನುವಾರ ಮಧ್ಯಾಹ್ನ ಗಾಲಿಕುರ್ಚಿಯ ಸದ್ದಾಯಿತು. ಸುತ್ತುಬಳಸಿ ಬೇರೆ ರಸ್ತೆಯಿಂದ ಬಂದಿದ್ದರು. ಉಮ್ಮ್ ಸಯೀದರ ಮುಖ, ಕಾಲು ಊದಿತ್ತು, ಮಾತಿನ ನಡುವೆ ಏದುಸಿರು. ಹಿಂದೆ ಸಯೀದ್ ಒದ್ದೆ ಬಟ್ಟೆಯಲ್ಲಿ ನಿಂತಿದ್ದ. ಸಮೀರಾ ಕೈಗವಸು ಹಾಕುತ್ತ, “ನಾನೇ ಹಾಕುತ್ತೇನೆ, ತಡಮಾಡುವ ಹಾಗಿಲ್ಲ” ಎಂದರು.

ಉಮ್ಮ್ ಸಯೀದ್ ತೋಳನ್ನು ಎದೆಗೆ ಎಳೆದುಕೊಂಡರು. “ಹಿಂದಿ ಹುಡುಗಿ ಎಲ್ಲಿ?” ಅಲ್ಲಿ ಭಾರತದವರೆಲ್ಲ ಹಿಂದಿಗಳೇ.

ನಾನು ಮುಂದೆ ಬಂದೆ.

“ನನ್ನ ಮಗ ನಿನ್ನನ್ನು ಬೈದನಂತೆ. ಇವತ್ತು ಗಾಡಿಯನ್ನು ಕತ್ತೆಗಿಂತ ನಿಧಾನ ಓಡಿಸಿದ. ಇಷ್ಟು ಹೊತ್ತಾದದ್ದು ಅದಕ್ಕೇ” ಎಂದು ಏದುಸಿರಿನಲ್ಲೇ ಹೇಳಿ, ತೋಳು ಚಾಚಿದರು. “ಯಲ್ಲಾ.”

ಸಮೀರಾ ನನ್ನ ಮುಖ ನೋಡಿದರು, ಪಕ್ಕಕ್ಕೆ ಸರಿದರು. ನಾನು ಕೈ ತೊಳೆದು, ಗವಸು ಹಾಕಿ, ತೋಳಿನ ಮೇಲೆ ಬೆರಳಿಟ್ಟೆ. ಒಳಗೆ ರಕ್ತ ಗುಂಯ್ ಎಂದು ಹರಿಯುವುದು ಬೆರಳಿಗೆ ತಿಳಿಯುತ್ತಿತ್ತು. ಎಲ್ಲಿ ನೋವು, ಎದೆ ಬಿಗಿದಿದೆಯೇ, ನಿನ್ನೆ ಎಷ್ಟು ನೀರು ಕುಡಿದಿರಿ, ಈಗ ಚುಚ್ಚುತ್ತೇನೆ, ಉಸಿರು ಬಿಡಿ ಎಂದು ಕೇಳುತ್ತ ಹೇಳುತ್ತ ಮೊದಲ ಸೂಜಿ ಹಾಕಿದೆ. ಎರಡನೆಯದೂ ಸೀದಾ ಹೋಯಿತು. ಅವರು ಹುಬ್ಬು ಗಂಟಿಕ್ಕಲಿಲ್ಲ. ಯಂತ್ರ ತಿರುಗಲು ಶುರುವಾಯಿತು.

ಸಮೀರಾ ಗವಸು ಬಿಚ್ಚಿ ಎಸೆದರು. “ನೀನು ಮಾತಾಡುವುದು ಅರಬಿ ಅಲ್ಲ. ಆಡು ಕಾಯುವ ಮುದುಕಿಯ ಹಾಗೆ ಮಾತಾಡುತ್ತಿ. ಸಂಜೆ ಬಾ, ಸಹಿ ಹಾಕುತ್ತೇನೆ” ಎಂದು ಹೇಳಿ ಹೋದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ಗಂಟೆಯಲ್ಲಿ ಉಮ್ಮ್ ಸಯೀದರ ಉಸಿರು ಸಮಕ್ಕೆ ಬಂತು. ಕಣ್ಣು ಬಿಟ್ಟು ನನ್ನ ಜೇಬಿನ ಕಡೆ ನೋಡಿದರು. “ನಿನ್ನ ಪೆಟ್ಟಿಗೆ ಎಲ್ಲಿ?”

“ಮನೆಯಲ್ಲಿದೆ. ಖಾಲಿ. ಎಲ್ಲ ಅಳಿಸಿದೆ.”

“ಒಳ್ಳೆಯದಾಯಿತು. ಕಿವಿಗೆ ದಾರ ಸಿಕ್ಕಿಸಿಕೊಂಡು ಯಾಕೆ ಕೇಳಬೇಕು? ನಾನು ಇಲ್ಲೇ ಇದ್ದೇನಲ್ಲ, ನನ್ನನ್ನೇ ಕೇಳು.”

ಹೊರಗೆ ಒಮ್ಮೆಲೇ ಕಿಟಕಿಯ ಮೇಲೆ ಯಾರೋ ಹಿಡಿಹಿಡಿಯಾಗಿ ಕಲ್ಲು ಎಸೆದ ಸದ್ದು. ನೋಡಿದರೆ ಅಂಗಳದ ತುಂಬ ಬಿಳಿ ಬಿಳಿ ಉಂಡೆಗಳು ಪುಟಿಯುತ್ತಿದ್ದವು. ನಮ್ಮ ಶಿರ್ವದಲ್ಲಿ ಎಷ್ಟು ಮಳೆ ಬಂದರೂ ನಾನು ಆಲಿಕಲ್ಲು ಕಂಡವಳಲ್ಲ. ಸಯೀದ್ ಹೊರಗೆ ಹೋಗಿ ಒಂದು ಹಿಡಿ ಬಾಚಿ ತಂದು, ತಾಯಿಗೆ ತೋರಿಸಿ, ಆಮೇಲೆ ನನ್ನ ಕಡೆಗೂ ಅಂಗೈ ಚಾಚಿದ. ಒಂದು ಉಂಡೆ ತೆಗೆದುಕೊಂಡೆ. ಕೈ ಜುಮ್ಮೆಂದಿತು.

ಕುರ್ಚಿ ಎಳೆದು ಉಮ್ಮ್ ಸಯೀದರ ಪಕ್ಕ ಕೂತೆ. “ಇದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ?”

“ಬರದ್” ಎಂದರು ಅವರು.

“ಬರ್ದ್?”

“ಅದು ಚಳಿ. ಇದು ಬರದ್. ಸರಿಯಾಗಿ ಹೇಳು.”

“ಬರದ್” ಎಂದೆ.

ಅವರು ತಲೆಯಾಡಿಸಿದರು, ಸರಿ ಎಂದು.